ಅನ್ನಕ್ಕೆ ಮೂರು ವಿಷಲ್

ಕಳೆದ ಶ್ರಾವಣದಲ್ಲಿ ಗಾಂಧಿನಗರದ ಒಂದು ಲಾಡ್ಜಿನ ಮೂರನೇ ಮಹಡಿಗೆ ನನ್ನನ್ನು ಕರೆದಿದ್ದರು. ಒಂದು ಹೆಣ್ಣಿಗೆ ಗಂಡು ಗೊತ್ತು ಮಾಡಬೇಕಿತ್ತು. ಹೆಣ್ಣು ಕಥೆಯೊಳಗಿನ ಮಂಗಳಮುಖಿ, ಗಂಡು ನಮ್ಮ ಹೀರೋ. ನನ್ನದು ಡೈಲಾಗ್ ಬರೆಯುವ ಪೌರೋಹಿತ್ಯ. ದಕ್ಷಿಣೆ ಆಮೇಲೆ ಎಂದಿದ್ದರು. ಗಾಂಧಿನಗರದಲ್ಲಿ ಆಮೇಲೆ ಎಂದರೆ ಏನೆಂದು ಅಲ್ಲಿ ಬರೆದು ಬದುಕಿದವರಿಗೆ ಗೊತ್ತು.

ರೂಮಿನಲ್ಲಿ ನಾಲ್ಕೇ ಜನ. ಲೇಔಟ್ ಮಾಡಿ ಸೈಟು ಮಾರಿ ಸಿನಿಮಾಕ್ಕೆ ಬಂದ ನಿರ್ಮಾಪಕರು ಮಂಚದ ಮೇಲೆ. ಮೊದಲ ಸಿನಿಮಾ ಮೂರು ದಿನ ಓಡಿದ ಮೇಲೆ ಫೆಸ್ಟಿವಲ್ ಕಡೆ ಮುಖ ಮಾಡಿದ್ದ ಡೈರೆಕ್ಟರ್ ಲ್ಯಾಪ್‌ಟಾಪ್ ಮುಂದೆ. ನಾನು ಇಡ್ಲಿ-ವಡೆ ಪಾರ್ಸೆಲ್ ಪಕ್ಕ. ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಡಿಲಲ್ಲಿ ವ್ಯಾನಿಟಿ ಬ್ಯಾಗ್ ಇಟ್ಟುಕೊಂಡು ಕೂತಿದ್ದವರು ಕನ್ಸಲ್ಟೆಂಟ್. ಸುಂಕದಕಟ್ಟೆ ಕಡೆ ಬ್ಲೌಸ್ ಹೊಲಿಯುತ್ತಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಅಕ್ಕ ಎನ್ನುತ್ತೇನೆ. ಟ್ರಾನ್ಸ್‌ಜೆಂಡರ್ ಮಹಿಳೆಯ ಬದುಕನ್ನು 'ಆಥೆಂಟಿಕ್' ಆಗಿ ತೋರಿಸಬೇಕೆಂದು ಅವರನ್ನು ಕರೆಸಿದ್ದರು. ಮೊದಲ ಒಂದೂವರೆ ಗಂಟೆ ಅವರನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ಅಷ್ಟರಮಟ್ಟಿಗೆ ಎಲ್ಲವೂ ಆಥೆಂಟಿಕ್ ಆಗಿಯೇ ನಡೆಯಿತು.

"ಹೀರೋ ಅವಳನ್ನ ಲವ್ ಮಾಡ್ತಾನೆ. ಹುಡುಗಿ ಅಂದ್ಕೊಂಡು," ಎಂದರು ಡೈರೆಕ್ಟರ್. "ಎರಡು ಸಾಂಗು. ಇಂಟರ್‌ವಲ್‌ಗೆ ಗೊತ್ತಾಗುತ್ತೆ."

"ಗೊತ್ತಾದ್ಮೇಲೆ?" ನಿರ್ಮಾಪಕರು ಕೇಳಿದರು.

"ವಾಂತಿ ಮಾಡ್ತಾನೆ ಸಾರ್."

ನಿರ್ಮಾಪಕರು ಕೈಯಲ್ಲಿದ್ದ ವಡೆಯನ್ನು ಕೆಳಗಿಟ್ಟರು. ನಮ್ಮ ಹೀರೋ ಮೊದಲ ಫೈಟಿನಲ್ಲಿ ಇಪ್ಪತ್ತು ಜನರ ಮೂಳೆ ಮುರಿಯುತ್ತಾನೆ, ಒಬ್ಬನ ಕಣ್ಣಿಗೆ ಮೆಣಸಿನಪುಡಿ ತುಂಬುತ್ತಾನೆ, ಇನ್ನೊಬ್ಬನನ್ನು ಕಾಂಕ್ರೀಟ್ ಮಿಕ್ಸರಿಗೆ ಹಾಕುತ್ತಾನೆ. ಆಗೆಲ್ಲ ಅವನ ಹೊಟ್ಟೆ ಗಟ್ಟಿ. ಒಂದು ಮುತ್ತಿನ ನೆನಪಿಗೆ ಮಾತ್ರ ಕರುಳು ಕಿತ್ತುಬರಬೇಕು.

ಡೈರೆಕ್ಟರ್ ಈ ವಾಂತಿಯನ್ನು ಹೊಸದಾಗಿ ಕಂಡುಹಿಡಿದವರ ಗತ್ತಿನಲ್ಲಿದ್ದರು. ಪಾಪ, ಅದು ಮೂವತ್ತು ವರ್ಷ ಹಳೆಯ ವಾಂತಿ. 1992ರ 'ದಿ ಕ್ರೈಯಿಂಗ್ ಗೇಮ್' ಸಿನಿಮಾದಲ್ಲಿ ಫರ್ಗಸ್ ಎಂಬ ಐರಿಷ್ ಬಂದೂಕುಧಾರಿ, ತಾನು ಪ್ರೀತಿಸಿದ ಡಿಲ್ ಯಾರೆಂದು ತಿಳಿದ ಕೂಡಲೇ ಬಾತ್‌ರೂಮಿಗೆ ಓಡಿ ಕಾರುತ್ತಾನೆ. ಅಮೆರಿಕದಲ್ಲಿ ಆ ಗುಟ್ಟನ್ನೇ ಬಂಡವಾಳ ಮಾಡಿಕೊಂಡರು. ಯಾರಿಗೂ ಹೇಳಬೇಡಿ ಎಂದು ವಿಮರ್ಶಕರಲ್ಲಿ ಬೇಡಿಕೊಂಡು ಟಿಕೆಟ್ ಮಾರಿದರು, ಚಿತ್ರಕಥೆಗೆ ಆಸ್ಕರ್ ಬಂತು. ಎರಡೇ ವರ್ಷಕ್ಕೆ 'ಏಸ್ ವೆಂಚುರಾ' ಬಂತು. ಅದರಲ್ಲಿ ಜಿಮ್ ಕ್ಯಾರಿ ವಾಂತಿ ಮಾಡಿದ್ದು ಸಾಲದೆಂದು ಹಲ್ಲುಜ್ಜಿ, ಬಟ್ಟೆ ಸುಟ್ಟು, ಶವರ್ ಕೆಳಗೆ ಕೂತು ಅಳುತ್ತಾನೆ. ನಮ್ಮಲ್ಲಿ ಹೆಣ ಮುಟ್ಟಿ ಬಂದವರೂ ಇಷ್ಟು ಮೈಲಿಗೆ ಕಳೆದುಕೊಳ್ಳುವುದಿಲ್ಲ. ಥಿಯೇಟರಿನಲ್ಲಿ ಜನ ಹೊಟ್ಟೆ ಹಿಡಿದು ನಕ್ಕರು. ಅದೇ ಸಾಲುಗಳಲ್ಲಿ ಎಲ್ಲೋ ಕೂತು ನಗಲಾಗದವರೂ ಇದ್ದಿರಬೇಕು.

"ನೀವೇನಂತೀರಿ ಮೇಡಂ?" ಡೈರೆಕ್ಟರ್ ಕೊನೆಗೂ ಬಾಗಿಲ ಕಡೆ ತಿರುಗಿದರು. "ಗೊತ್ತಾದಾಗ ನಿಮ್ಮ ಲೈಫಲ್ಲಿ ಹೇಗಿತ್ತು ರಿಯಾಕ್ಷನ್?"

ಅಕ್ಕ ಸ್ವಲ್ಪ ಯೋಚಿಸಿದರು. "ಎರಡನೇ ಸಲ ಟೀ ಕುಡಿಯೋಕೆ ಹೋದಾಗ ನಾನೇ ಹೇಳ್ದೆ ಸಾರ್. ನಾನು ಹಿಂಗೆ ಅಂತ."

"ಏನಂದ್ರು?"

"ಗೊತ್ತು, ಸಕ್ಕರೆ ಎಷ್ಟು ಅಂದ್ರು."

ಡೈರೆಕ್ಟರ್ ಲ್ಯಾಪ್‌ಟಾಪ್ ಮೇಲೆ ಬೆರಳಿಟ್ಟುಕೊಂಡು ಕಾದರು. ಅಷ್ಟೇ ಎಂದು ಅಕ್ಕ ಹೇಳಿದ ಮೇಲೆ ಬೆರಳು ತೆಗೆದರು. ಸಕ್ಕರೆಗೆ ಇಂಟರ್‌ವಲ್ ಬ್ಲಾಕ್ ಆಗುವ ಯೋಗ್ಯತೆ ಇಲ್ಲ.

ಮುಂದಿನ ಪ್ರಶ್ನೆ ಅವಳ ಪಾತ್ರಕ್ಕೆ ಯಾರು ಎಂಬುದು. ಇಲ್ಲಿ ಇಂಡಸ್ಟ್ರಿಯಲ್ಲಿ ಒಂದು ಅಲಿಖಿತ ಕಾನೂನಿದೆ, ಯಾವ ಯೂನಿಯನ್ನಿನ ನಿಯಮಕ್ಕಿಂತಲೂ ಕಟ್ಟುನಿಟ್ಟು. ಪ್ರೇಕ್ಷಕ ಅವಳನ್ನು ಕಂಡು ಹೆದರಬೇಕಾದರೆ, ನಗಬೇಕಾದರೆ ಅಥವಾ ಮರುಗಬೇಕಾದರೆ ಆ ಪಾತ್ರ ಗಂಡಸಿಗೆ. ಹೀರೋ ಅವಳನ್ನು ಪ್ರೀತಿಸಬೇಕಾದರೆ ಆ ಪಾತ್ರ ಹೀರೋಯಿನ್‌ಗೆ. 'ಸಡಕ್'ನಲ್ಲಿ ಮಹಾರಾಣಿ ಎಂಬ ರಾಕ್ಷಸಿಯಾಗಿ ಸದಾಶಿವ ಅಮರಾಪುರ್ಕರ್. 2011ರ ತಮಿಳಿನ 'ಕಾಂಚನಾ'ದಲ್ಲಿ ದೆವ್ವವಾಗಿ ಶರತ್ ಕುಮಾರ್, ಮರುವರ್ಷ ಅದೇ ದೆವ್ವ ಹೊಸೂರು ದಾಟಿ 'ಕಲ್ಪನಾ' ಎಂದು ಕನ್ನಡಕ್ಕೆ ಬಂದಾಗ ಸಾಯಿಕುಮಾರ್, 2020ರಲ್ಲಿ ಹಿಂದಿಗೆ ಹೋದಾಗ ಶರದ್ ಕೇಳ್ಕರ್. ಮೂರೂ ಭಾಷೆಯಲ್ಲಿ ಅವಳು ಹೀರೋನ ಮೈಯೊಳಗೆ ಸೇರುತ್ತಾಳೆ, ಕುಣಿಯುತ್ತಾಳೆ, ಸೇಡು ತೀರಿಸಿಕೊಳ್ಳುತ್ತಾಳೆ. ಹೀರೋನ ಇಷ್ಟು ಹತ್ತಿರಕ್ಕೆ ಬರಬೇಕಾದರೆ ಅವಳು ಮೊದಲು ಸಾಯಬೇಕು ಎಂಬುದೊಂದೇ ಷರತ್ತು. ಅದೇ 2021ರ 'ಚಂಡೀಗಢ ಕರೇ ಆಶಿಕಿ'ಯಲ್ಲಿ ಜಿಮ್ ಪೈಲ್ವಾನ ಆಯುಷ್ಮಾನ್ ಖುರಾನಾ ಒಬ್ಬ ಟ್ರಾನ್ಸ್ ಹುಡುಗಿಯನ್ನು ನಿಜಕ್ಕೂ ಪ್ರೀತಿಸಬೇಕು. ಆಗ ಬಂದವರು ವಾಣಿ ಕಪೂರ್. ಪ್ರೀತಿಗೆ ಒಂದು ಮುಖ, ಮರುಕಕ್ಕೆ ಇನ್ನೊಂದು ಮುಖ.

ಆ ಸಿನಿಮಾಕ್ಕೆ ಒಂದು ಮಾರ್ಕು ಕೊಡಲೇಬೇಕು, ಅವಳನ್ನು ಅವರು ಕೊಲ್ಲಲಿಲ್ಲ. ತನ್ನ ವಿಷಯವನ್ನು ಅವಳೇ ಹೇಳಿಕೊಳ್ಳುತ್ತಾಳೆ. ಆದರೆ ಅಲ್ಲಿಂದ ಮುಂದಿನ ಸಿನಿಮಾವೆಲ್ಲ ಅವನ ಮನಸ್ಸಿನ ರಿಪೇರಿ. ಅವನಿಗೆ ಸಿಟ್ಟು, ಅವನಿಗೆ ಗೊಂದಲ, ಅವನಿಗೆ ಜ್ಞಾನೋದಯ, ಕೊನೆಗೆ ಭಾರ ಎತ್ತುವ ಸ್ಪರ್ಧೆಯ ಕಪ್ಪೂ ಅವನಿಗೆ. ಅವಳ ಆಪರೇಷನ್ನು, ಅವಳ ಅಮ್ಮನ ಮುನಿಸು, ಅವಳು ಹೊತ್ತ ಭಾರ ಸ್ಪರ್ಧೆಯ ಲೆಕ್ಕಕ್ಕೆ ಬರುವುದಿಲ್ಲ.

"ನಮ್ ಸಿನಿಮಾಗೆ ಅವಾರ್ಡ್ ಗ್ಯಾರಂಟಿನಾ?" ನಿರ್ಮಾಪಕರು ಇದ್ದಕ್ಕಿದ್ದಂತೆ ಕೇಳಿದರು. ಸೈಟು ಮಾರಿದವರು, ಖಾತೆ ಸರಿಯಿದೆಯೇ ಎಂದು ಕೇಳುವುದು ಅವರ ಧರ್ಮ.

ಗ್ಯಾರಂಟಿ ಎಂದು ಹೇಳಬಹುದಾಗಿತ್ತು. ಅಮರಾಪುರ್ಕರ್‌ಗೆ ಫಿಲ್ಮ್‌ಫೇರ್ ಬಂತು. 'ಸೂಪರ್ ಡಿಲಕ್ಸ್'ನ ಶಿಲ್ಪಾ ಆಗಿದ್ದಕ್ಕೆ ವಿಜಯ್ ಸೇತುಪತಿಗೆ ರಾಷ್ಟ್ರಪ್ರಶಸ್ತಿ. 'ಡಲ್ಲಾಸ್ ಬೈಯರ್ಸ್ ಕ್ಲಬ್'ಗೆ ಜ್ಯಾರೆಡ್ ಲೀಟೊಗೆ ಆಸ್ಕರ್. ನಮ್ಮ ಮನೆಯ ಲೆಕ್ಕ ಹೇಳುವುದಾದರೆ, ಬಿ.ಎಸ್. ಲಿಂಗದೇವರು ನಿರ್ದೇಶಿಸಿದ 'ನಾನು ಅವನಲ್ಲ ಅವಳು' ಚಿತ್ರಕ್ಕೆ ಸಂಚಾರಿ ವಿಜಯ್ ಶ್ರೇಷ್ಠ ನಟರಾದರು. 2021ರ ಅಪಘಾತದಲ್ಲಿ ಕಳೆದುಕೊಂಡ ಆ ಹುಡುಗನ ಬಗ್ಗೆ ನನ್ನ ತಕರಾರಿಲ್ಲ. ಅವರ ನಡಿಗೆ, ಕಣ್ಣು ಈಗಲೂ ನೆನಪಾಗುತ್ತದೆ. ಅದೇ ಚಿತ್ರಕ್ಕೆ ಬಂದ ಇನ್ನೊಂದು ರಾಷ್ಟ್ರಪ್ರಶಸ್ತಿ ಮೇಕಪ್‌ನದು. ಕಥೆ ತಮಿಳಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯದು. ಅವರು ಸ್ವತಃ ರಂಗನಟಿ. ಬದುಕು ಅವರದು, ಮೇಕಪ್ಪು ನಮ್ಮದು.

ಅಕ್ಕನ ಬ್ಯಾಗಿನೊಳಗೆ ಫೋನು ಬಡಿದುಕೊಂಡಿತು.

"ಸಾರಿ ಸಾರ್, ಒಂದ್ನಿಮಿಷ. ಹಾಂ, ರೀ. ಅನ್ನಕ್ಕೆ ಮೂರು ವಿಷಲ್. ಬೇಳೆಗೆ ಐದು. ಇಲ್ಲ, ಎರಡನ್ನೂ ಒಟ್ಟಿಗೆ ಇಡಬೇಡಿ, ಹೋದ್ಸಲ ಏನಾಯ್ತು? ಹುಣಸೆಹಣ್ಣು ಸ್ಟೀಲ್ ಡಬ್ಬೀಲಿದೆ. ಕೆಂಪು ಮುಚ್ಚಳ. ಅದಲ್ಲ ರೀ, ಅದು ಗುಂಡಿ ಡಬ್ಬ."

ಫೋನಿಟ್ಟರು. ರೂಮು ಸುಮ್ಮನಿತ್ತು.

"ಯಾರಮ್ಮ?" ಎಂದರು ನಿರ್ಮಾಪಕರು.

"ಮನೆಯವ್ರು ಅಣ್ಣ."

"ಮನೆಯವ್ರು ಅಂದ್ರೆ, ತಂದೆ ತಾಯೀನಾ?"

"ಮನೆಯವ್ರು ಅಂದ್ರೆ ಮನೆಯವ್ರು ಅಣ್ಣ. ಗೂಡ್ಸ್ ಆಟೋ ಓಡಿಸ್ತಾರೆ. ಇವತ್ತು ಬಾಡಿಗೆ ಇರ್ಲಿಲ್ಲ, ಅಡುಗೆ ಅವ್ರದ್ದು."

ಡೈರೆಕ್ಟರ್ ಕಣ್ಣಿನಲ್ಲಿ ಬೆಳಕು ಬಂತು. ನಿಮ್ಮ ಭಾಷೆಯಲ್ಲಿ ಅವರಿಗೆ ಏನನ್ನುತ್ತಾರೆ ಎಂದು ಕೇಳಿದರು. ಅಕ್ಕ ಹೇಳಿದರು, ನಮ್ಮವರ ಜಮಾತಿನಲ್ಲಿ ಪಂತಿ ಅನ್ನುತ್ತೇವೆ, ಮನೆಯಲ್ಲಿ ರೀ ಅನ್ನುತ್ತೇನೆ, ಸಿಟ್ಟು ಬಂದರೆ ಬೇರೆ ಅನ್ನುತ್ತೇನೆ. ಡೈರೆಕ್ಟರ್‌ಗೆ ಮೊದಲನೆಯದು ಸಾಕಾಗಿತ್ತು. 'ಪಂತಿ' ಟೈಟಲ್ ಖಾಲಿ ಇದೆಯೇ ನೋಡಿ, ಫಿಲ್ಮ್ ಚೇಂಬರಿನಲ್ಲಿ ರಿಜಿಸ್ಟರ್ ಮಾಡಿಸಿಬಿಡೋಣ ಎಂದು ಮ್ಯಾನೇಜರಿಗೆ ಫೋನು ಹಚ್ಚಿದರು. ಹೀಗೆ ಅಂದಿನ ಕನ್ಸಲ್ಟೆನ್ಸಿಯಿಂದ ಕನ್ನಡ ಚಿತ್ರರಂಗಕ್ಕೆ ಒಂದು ಶಬ್ದ ಲಾಭವಾಯಿತು. ಬೇಳೆಗೆ ಐದು ವಿಷಲ್ ಎಂಬುದನ್ನು ಯಾರೂ ಬರೆದುಕೊಳ್ಳಲಿಲ್ಲ.

ನಾನು ಗಂಟಲು ಸರಿಮಾಡಿಕೊಂಡೆ. "ಸಾರ್, ಈಗ ಬಂತಲ್ಲ ಫೋನು, ಅದನ್ನೇ ಒಂದು ಸೀನ್ ಮಾಡಬಹುದಲ್ವಾ?"

"ಚೆನ್ನಾಗಿದೆ ಗುರುಗಳೇ, ಆದರೆ ಇದರಲ್ಲಿ ಕಾನ್‌ಫ್ಲಿಕ್ಟ್ ಎಲ್ಲಿದೆ?"

"ಬೇಳೆ ಬೇಯಲ್ಲ ಸಾರ್," ಎಂದರು ಅಕ್ಕ. "ನಮ್ಮನೇಲಿ ಅದೇ ಕಾನ್‌ಫ್ಲಿಕ್ಟು. ಬೋರ್‌ವೆಲ್ ನೀರು."

ನಕ್ಕವನು ನಾನೊಬ್ಬನೇ. ಸಂಭಾವನೆ ಆಮೇಲೆ ಎಂದಿದ್ದರಲ್ಲ, ಆ ಧೈರ್ಯ.

ಮಧ್ಯಾಹ್ನ ಊಟವಾದ ಮೇಲೆ ಸೆಕೆಂಡ್ ಹಾಫ್‌ಗೆ ಬಂದೆವು. ಸೆಕೆಂಡ್ ಹಾಫ್ ಎಂದರೆ ಅವಳು ಹೇಗೆ ಸಾಯಬೇಕು ಎಂಬ ಚರ್ಚೆ. ಸಾಯಬೇಕೇ ಎಂಬುದು ಚರ್ಚೆಯ ವಿಷಯವಾಗಿರಲಿಲ್ಲ. ಡೈರೆಕ್ಟರ್ ರೆಫರೆನ್ಸ್ ತೆಗೆದರು. 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ 'ಪಾವ ಕದೈಗಳ್'ನಲ್ಲಿ ಸುಧಾ ಕೊಂಗರಾ ಅವರ 'ತಂಗಂ' ಎಂಬ ಭಾಗವಿದೆ. ಸತ್ತಾರ್ ಎಂಬ ಜೀವ ಶರವಣನನ್ನು ಪ್ರೀತಿಸುತ್ತದೆ. ಶರವಣನಿಗೆ ಇಷ್ಟವಾಗುವುದು ಸತ್ತಾರ್‌ನ ತಂಗಿ. ಹೆಣ್ಣಾಗುವ ಆಪರೇಷನ್ನಿಗೆಂದು ಕೂಡಿಟ್ಟ ದುಡ್ಡನ್ನು ಕೊಟ್ಟು ಇಬ್ಬರನ್ನೂ ಓಡಿಸಿ, ಊರಿನ ಕೈಗೆ ತಾನು ಸಿಕ್ಕಿ ಸಾಯುವುದು ಸತ್ತಾರ್. ಕಾಳಿದಾಸ್ ಜಯರಾಮ್ ನಟನೆ ಎದೆ ಹಿಂಡುತ್ತದೆ, ಸುಳ್ಳು ಹೇಳಲಾರೆ, ನಾನೂ ಅತ್ತಿದ್ದೇನೆ. ಆದರೆ ಕಣ್ಣೊರೆಸಿಕೊಂಡ ಮೇಲೆ ಲೆಕ್ಕ ಹಾಕಿದೆ. ಪ್ರೀತಿ ಅವಳದು, ದುಡ್ಡು ಅವಳದು, ಸಾವು ಅವಳದು. ಸಂಸಾರ ಮಾತ್ರ ಇನ್ನೊಬ್ಬರದು.

ಪ್ರೀತಿಸಿ ತ್ಯಾಗ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ರೆಫರೆನ್ಸ್ ಇದೆ. ಶಂಕರ್ ಅವರ 'ಐ' ಸಿನಿಮಾದ ಸ್ಟೈಲಿಸ್ಟ್ ಓಸ್ಮಾ ಹೀರೋನನ್ನು ಆಸೆಪಟ್ಟಳು. ಅವನು ಅಸಹ್ಯದಿಂದ ದೂಡಿದ. ಅವಳು ವಿಲನ್ ಗುಂಪಿಗೆ ಸೇರಿದಳು. ಪಾತ್ರ ಮಾಡಿದ ಓಜಸ್ ರಜನಿ ನಿಜಜೀವನದಲ್ಲೂ ಮೇಕಪ್ ಕಲಾವಿದೆ, ಟ್ರಾನ್ಸ್ ಮಹಿಳೆ. ಅಂದರೆ ಪಾತ್ರ ಸಿಗುತ್ತದೆ, ಪ್ರೀತಿಸಿದ್ದು ಅಪರಾಧವಾಗುವುದಾದರೆ. 2015ರಲ್ಲಿ ಚೆನ್ನೈಯಲ್ಲಿ ಸಮುದಾಯದವರು ಇದರ ವಿರುದ್ಧ ಬೀದಿಗಿಳಿದಾಗ ತಮಾಷೆಯನ್ನು ತಮಾಷೆಯಾಗಿ ನೋಡಿ ಎಂಬ ನಮ್ಮ ಸಾರ್ವಕಾಲಿಕ ಉಪದೇಶ ಎಲ್ಲ ಕಡೆಯೂ ಕೇಳಿಬಂತು.

ಸಿನಿಮಾದವರನ್ನೇ ಏಕೆ ಬಯ್ಯಬೇಕು, ನಾಟಕಕ್ಕೆ ಬನ್ನಿ. ನಮ್ಮ ಬೆಂಗಳೂರಿನವರೇ ಆದ ಮಹೇಶ ದತ್ತಾನಿ ಬಿಬಿಸಿ ರೇಡಿಯೊಗಾಗಿ ಬರೆದ 'ಸೆವೆನ್ ಸ್ಟೆಪ್ಸ್ ಅರೌಂಡ್ ದಿ ಫೈರ್' ಈ ಊರಿನಲ್ಲೇ ನಡೆಯುತ್ತದೆ. ಮಂತ್ರಿಯ ಮಗನೊಬ್ಬ ಕಮಲಾ ಎಂಬ ಹಿಜ್ರಾಳನ್ನು ಗುಟ್ಟಾಗಿ ಮದುವೆಯಾಗಿರುತ್ತಾನೆ. ನಾಟಕ ಶುರುವಾಗುವ ಹೊತ್ತಿಗೆ ಅವಳನ್ನು ಸುಟ್ಟುಹಾಕಿ ಆಗಿದೆ. ದತ್ತಾನಿಯ ಕೋಪ ನ್ಯಾಯವಾದದ್ದು, ಕೊಂದವರ ಮುಖಕ್ಕೆ ಕನ್ನಡಿ ಹಿಡಿದದ್ದೂ ನಿಜ. ಹಾಗಿದ್ದರೂ ನನಗೆ ಕಮಲಾಳ ದನಿ ಕೇಳಬೇಕೆನಿಸುತ್ತದೆ. ಮಂತ್ರಿಯ ಮಗನ ಜೊತೆ ಅವಳು ಏನು ಮಾತಾಡುತ್ತಿದ್ದಳು? ಎಲ್ಲಿ ಸಿಗುತ್ತಿದ್ದರು, ಲಾಲ್‌ಬಾಗಿನಲ್ಲೇ? ರೇಡಿಯೊ ನಾಟಕ ಪೂರ್ತಿ ದನಿಗಳದೇ, ಪ್ರೇಮಿಯ ಪಾಲಿಗೆ ಉಳಿದದ್ದು ಮಾತ್ರ ಒಂದು ಮದುವೆ ಫೋಟೊ. ಮತ್ತೆ ಸಿನಿಮಾಕ್ಕೆ ಬಂದರೆ, ಪಾಕಿಸ್ತಾನದ 'ಜಾಯ್‌ಲ್ಯಾಂಡ್' ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಅದರಲ್ಲಿ ಲಾಹೋರಿನ ಡ್ಯಾನ್ಸರ್ ಬೀಬಾ ಪಾತ್ರಕ್ಕೆ ಅಲೀನಾ ಖಾನ್ ಎಂಬ ಟ್ರಾನ್ಸ್ ನಟಿಯೇ ಬಂದರು, ಕಥೆಯ ಕೊನೆಗೆ ಬದುಕಿಯೂ ಉಳಿದರು. ನಾನು ಉಸಿರು ಬಿಡುವಷ್ಟರಲ್ಲಿ ಬೀಬಾಳ ಪ್ರಿಯಕರನ ಹೆಂಡತಿ ಸತ್ತಳು. ಒಂದು ಹೆಣ ಬೀಳಲೇಬೇಕೆಂಬ ಹರಕೆ ಗಡಿಯಾಚೆಗೂ ಇದೆ.

"ಇದೆಲ್ಲ ನಮ್ಮ ಪುರಾಣದಲ್ಲೇ ಇದೆ ಗುರುಗಳೇ," ಎಂದರು ಡೈರೆಕ್ಟರ್. ಕೂವಾಗಂ ಹೆಸರು ಬಂತು. ಕುರುಕ್ಷೇತ್ರಕ್ಕೆ ಬಲಿಯಾಗುವ ಮುನ್ನ ಅರವಾನ್ ಮದುವೆ ಬೇಡಿದ, ಕೃಷ್ಣ ಮೋಹಿನಿಯಾಗಿ ಒಂದು ರಾತ್ರಿಯ ಹೆಂಡತಿಯಾದ. ತಮಿಳುನಾಡಿನ ಆ ಹಳ್ಳಿಯಲ್ಲಿ ಚೈತ್ರದ ಹುಣ್ಣಿಮೆಯ ಹೊತ್ತಿಗೆ ಸಾವಿರಾರು ಮಂಗಳಮುಖಿಯರು ಆ ದೇವರ ಹೆಸರಿನಲ್ಲಿ ತಾಳಿ ಕಟ್ಟಿಸಿಕೊಂಡು, ಮರುದಿನ ಅದನ್ನು ಹರಿದು, ಬಳೆ ಒಡೆದುಕೊಂಡು ಅಳುತ್ತಾರೆ. ವಿಷುವಲ್ ಅದ್ಭುತ, ಡ್ರೋನ್ ಶಾಟ್ ಇಡಬಹುದು ಎಂದರು.

ಇಷ್ಟು ದೂರ ಏಕೆ ಹೋಗಬೇಕು? ಸವದತ್ತಿ ನಮ್ಮದೇ. ಎಲ್ಲಮ್ಮನ ಗುಡ್ಡದಲ್ಲೂ ರಂಡಿ ಹುಣ್ಣಿಮೆಗೆ ಬಳೆ ಒಡೆಯುತ್ತಾರೆ, ಜೋಗಪ್ಪಗಳೂ ಜೋಗತಿಯರೂ ಅಮ್ಮನ ವೈಧವ್ಯವನ್ನು ತಮ್ಮ ಮೈಮೇಲೆ ಹೊರುತ್ತಾರೆ. ಆದರೆ ಗುಡ್ಡದ ಪಂಚಾಂಗ ಅಲ್ಲಿಗೆ ಮುಗಿಯುವುದಿಲ್ಲ. ಮುತ್ತೈದೆ ಹುಣ್ಣಿಮೆ ಎಂದು ಇನ್ನೊಂದಿದೆ. ಎಲ್ಲಮ್ಮ ಮತ್ತೆ ಹಸಿರು ಬಳೆ ತೊಡುತ್ತಾಳೆ, ಭಂಡಾರ ಹಾರುತ್ತದೆ, ಚೌಡಿಕೆ ನುಡಿಯುತ್ತದೆ. ನಮ್ಮ ಕಥೆಗಾರರೆಲ್ಲ ಮೊದಲನೇ ಹುಣ್ಣಿಮೆಗೆ ಕ್ಯಾಮೆರಾ ಹೊತ್ತು ಹೋಗಿ, ಬಳೆಚೂರು ಶೂಟ್ ಮಾಡಿಕೊಂಡು, ಎರಡನೇ ಹುಣ್ಣಿಮೆಯ ಹೊತ್ತಿಗೆ ಎಡಿಟಿಂಗ್‌ನಲ್ಲಿ ಕೂತಿರುತ್ತಾರೆ.

ಇದನ್ನು ನಾನು ರೂಮಿನಲ್ಲಿ ಹೇಳಿದೆ. ನಿರ್ಮಾಪಕರು ಭಕ್ತಿಯಿಂದ ಕೈಮುಗಿದು, "ಎಲ್ಲಮ್ಮನ ಸಾಂಗ್ ಒಂದಿರಲಿ" ಎಂದರು.

ಬಿಡಲಿಲ್ಲ ನಾನು. ಕಾನೂನಿಗೆ ಹೋದೆ. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೆ ಪೀಠ, ಹಿಂದೂ ವಿವಾಹ ಕಾಯ್ದೆಯ 'ವಧು' ಎಂಬ ಶಬ್ದದಲ್ಲಿ ಟ್ರಾನ್ಸ್ ಮಹಿಳೆಯೂ ಸೇರುತ್ತಾಳೆ ಎಂದಿತು. ತೂತ್ತುಕುಡಿಯ ದೇವಸ್ಥಾನದಲ್ಲಿ ಮದುವೆಯಾದ ಜೋಡಿಗೆ ನೋಂದಣಿ ಮಾಡಿಕೊಡಲು ಅಧಿಕಾರಿಗಳು ಒಪ್ಪದೆ ಕೋರ್ಟು ಹತ್ತಿದ ಪ್ರಕರಣ ಅದು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಸಲಿಂಗ ಮದುವೆಗೆ ಒಲ್ಲೆ ಎನ್ನುವಾಗಲೂ, ಟ್ರಾನ್ಸ್ ಮಹಿಳೆ ಒಬ್ಬ ಗಂಡಸನ್ನು ಈಗಿರುವ ಕಾನೂನಿನಡಿಯಲ್ಲೇ ಮದುವೆಯಾಗಬಹುದು ಎಂಬ ಮಾತನ್ನು ಸ್ಪಷ್ಟವಾಗಿ ಹೇಳಿತು. ಅದಕ್ಕೂ ಮೊದಲೇ, 2018ರಲ್ಲಿ, ನಮ್ಮ ಟ್ರಾನ್ಸ್ ಹೋರಾಟಗಾರ್ತಿ ಅಕ್ಕಯ್ ಪದ್ಮಶಾಲಿ ಬೆಂಗಳೂರಿನಲ್ಲಿ ಮದುವೆ ನೋಂದಾಯಿಸಿ ಸರ್ಟಿಫಿಕೇಟು ಪಡೆದಿದ್ದರು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಕ್ಕ ಗಂಡ ಚಿತ್ರಕಥೆಯಲ್ಲಿ ಸಿಗುವುದಿಲ್ಲ. ಆ ಕಚೇರಿಗಳನ್ನು ಬಲ್ಲವರಿಗೆ ಇದು ಎಂಥ ಅವಮಾನ ಎಂದು ಗೊತ್ತಾಗುತ್ತದೆ.

"ಕೋರ್ಟ್ ಒಪ್ಪುತ್ತೆ," ನಿರ್ಮಾಪಕರು ನಿಟ್ಟುಸಿರಿಟ್ಟರು, "ಬಿ ಸೆಂಟರ್ ಒಪ್ಪಲ್ಲ."

ಅಕ್ಕನ ಮುಖ ನೋಡಿದೆ. ನಾನು ಅವರ ಪರ ವಾದಿಸುತ್ತಿದ್ದೇನೆಂಬ ಹೆಮ್ಮೆ ನನ್ನ ಮುಖದಲ್ಲಿದ್ದಿರಬೇಕು. ಅವರು ಫೋನಿನಲ್ಲಿ ಯಾರದೋ ಬ್ಲೌಸಿನ ಅಳತೆ ನೋಡುತ್ತಿದ್ದರು.

"ಎಲ್ಲ ಸುಖವಾಗಿರುತ್ತೆ ಅಂತಾನೂ ತೋರಿಸ್ಬೇಡಿ ಸಾರ್," ಎಂದರು ತಲೆ ಎತ್ತದೆ. "ನಮ್ಮ ಗುರುಗೆ ಇಬ್ಬರು ಕೈಕೊಟ್ಟು ಹೋದ್ರು. ಒಬ್ಬ ಒಡವೆ ಸಮೇತ. ನಮ್ಮತ್ತೆ ಇವತ್ತಿಗೂ ಮಗನಿಗೆ ಹೆಣ್ಣು ನೋಡ್ತಾರೆ. ಫೋಟೊ ನನಗೇ ವಾಟ್ಸಪ್ ಮಾಡ್ತಾರೆ, ಹುಡುಗಿ ಹೆಂಗಿದಾಳೆ ನೋಡು ಅಂತ."

"ನೀವೇನ್ ಮಾಡ್ತೀರಿ?"

"ಬ್ಲೌಸ್ ಫಿಟಿಂಗ್ ಸರಿಯಿಲ್ಲ ಅಂತ ರಿಪ್ಲೈ ಮಾಡ್ತೀನಿ."

ಇಂಥ ಅತ್ತೆಯನ್ನು ನಾನು ಕನ್ನಡದ ಯಾವ ಸಿನಿಮಾದಲ್ಲೂ ಕಂಡಿಲ್ಲ. ಪುಸ್ತಕದಲ್ಲಾದರೆ ಆ ಬದುಕಿನ ವಾಸನೆ ಸಿಗುತ್ತದೆ. ಟ್ರಾನ್ಸ್ ಲೇಖಕಿ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಕನ್ನಡದಲ್ಲಿ 'ಬದುಕು ಬಯಲು' ಆಗಿ ಬಂತು, ರಂಗಕ್ಕೂ ಏರಿತು. ಪ್ರೀತಿಸಿ ಮದುವೆಯಾದದ್ದನ್ನೂ ಅದು ಮುರಿದದ್ದನ್ನೂ ರೇವತಿ ಅಲ್ಲಿ ಬರೆಯುತ್ತಾರೆ. ಗಂಡ ಮಾತು ಕಡಿಮೆ ಮಾಡುವುದು, ಮನೆಗೆ ಬರುವುದು ಕಡಿಮೆ ಮಾಡುವುದು. ಓದುತ್ತಿದ್ದರೆ ನಮ್ಮ ಬೀದಿಯ ಯಾವುದೇ ಮನೆಯ ದುಃಖದಂತಿರುತ್ತದೆ. ಯಾರೂ ಅವರನ್ನು ಚಿತೆ ಹತ್ತಿಸುವುದಿಲ್ಲ. ಎದ್ದು ಮರುದಿನ ಕೆಲಸಕ್ಕೆ ಹೋಗುತ್ತಾರೆ.

ತೆರೆಯ ಮೇಲೆ ಇದಕ್ಕೆ ಹತ್ತಿರ ಬಂದದ್ದು ನನಗೆ ನೆನಪಿರುವಂತೆ ರಾಮ್ ಅವರ 'ಪೇರನ್ಬು'. ಮಮ್ಮುಟ್ಟಿಯ ಎದುರು ಮೀರಾ ಆಗಿ ಅಂಜಲಿ ಅಮೀರ್, ಸ್ವತಃ ಟ್ರಾನ್ಸ್ ಮಹಿಳೆ. ಅಲ್ಲಿ ಸಾಯಲು ಹೊರಟವನು ಅವನು, ತಡೆದವಳು ಅವಳು. ಆಮೇಲೆ ಅವನೂ ಅವನ ಮಗಳೂ ಅವಳೂ ಒಂದೇ ಮನೆಯಲ್ಲಿ ಇರುತ್ತಾರೆ, ಅಷ್ಟೇ. ಯಾರೂ ವಾಂತಿ ಮಾಡಿಕೊಳ್ಳುವುದಿಲ್ಲ. ಮಮ್ಮುಟ್ಟಿಗೆ ಆಗದ್ದು ನಮ್ಮ ಹೀರೋಗೆ ಏಕೆ ಆಗುತ್ತದೋ ಹೊಟ್ಟೆಯ ಡಾಕ್ಟರನ್ನೇ ಕೇಳಬೇಕು.

ಸಂಜೆ ಐದಕ್ಕೆ ಕಲಾಪ ಮುಗಿಯಿತು. ಅಕ್ಕನಿಗೆ ಕವರಿನಲ್ಲಿ ಎರಡು ಸಾವಿರ ಕೊಟ್ಟರು. ಹೊರಡುವಾಗ ನಿರ್ಮಾಪಕರು ತಲೆ ಬಾಗಿಸಿ, "ಒಂದ್ಸಲ ತಲೆ ಮೇಲೆ ಕೈ ಇಡಮ್ಮ, ನಿಮ್ಮ ಬಾಯಿಂದ ಬಂದ್ರೆ ನಿಜ ಆಗುತ್ತೆ" ಎಂದರು. ಅಕ್ಕ ಕೈಯಿಟ್ಟರು. "ಸಿನಿಮಾ ಓಡ್ಲಿ ಅಣ್ಣ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಲಿಫ್ಟ್ ಕೆಟ್ಟಿದೆ, ಮೆಟ್ಟಿಲಲ್ಲಿ ಬಲ್ಬಿಲ್ಲ, ಹುಷಾರು ಎಂದು ಮುಂದೆ ಇಳಿದರು.

ಮನೆಗೆ ಬಂದವನೇ ಆ ಸೀನ್ ಬರೆದೆ. ಮೂರು ಪುಟ. ಅವನು ಅಡುಗೆಮನೆಯಲ್ಲಿ, ಅವಳು ಫೋನಿನಲ್ಲಿ. ಅನ್ನಕ್ಕೆ ಮೂರು, ಬೇಳೆಗೆ ಐದು. ಕೆಂಪು ಮುಚ್ಚಳದ ಡಬ್ಬ ತೆಗೆದರೆ ಗುಂಡಿಗಳು. ಅವನು ಒಂದು ಗುಂಡಿಯನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಡಬ್ಬಕ್ಕೆ ಹಾಕುತ್ತಾನೆ. ಎರಡನೇ ವಿಷಲ್. ಮೂರನೇ ವಿಷಲ್. ಅವನು ಒಲೆ ಆರಿಸುತ್ತಾನೆ. ಕಟ್. ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ಒಳ್ಳೆಯ ಪ್ರೇಮದೃಶ್ಯ ನಾನು ಬರೆದದ್ದಿಲ್ಲ. ರಾತ್ರಿಯೇ ಡೈರೆಕ್ಟರಿಗೆ ಕಳಿಸಿದೆ.

ಹನ್ನೊಂದು ದಿನ ಸುದ್ದಿಯಿಲ್ಲ. ಹನ್ನೆರಡನೇ ದಿನ ಬೆಳಿಗ್ಗೆ ವಾಯ್ಸ್ ಮೆಸೇಜ್ ಬಂತು. ಹಿಂದೆ ನಿರ್ಮಾಪಕರು ಯಾರಿಗೋ ಸೈಟಿನ ಅಳತೆ ಹೇಳುತ್ತಿದ್ದದ್ದೂ ಕೇಳಿಸುತ್ತಿತ್ತು.

"ಗುರುಗಳೇ, ಕುಕ್ಕರ್ ಐಡಿಯಾ ಸೂಪರ್! ಎಲ್ಲರಿಗೂ ಇಷ್ಟ ಆಯ್ತು. ಕ್ಲೈಮ್ಯಾಕ್ಸ್‌ಗೆ ಇಟ್ಕೊಂಡಿದೀವಿ. ಮೂರನೇ ವಿಷಲ್‌ಗೆ ಸಿಡಿಸ್ತೀವಿ."